ಎಕ್ಸೆಲ್‌ನಲ್ಲಿ ಎಫ್2, ಎಫ್4, ಎಫ್9 ಕೆಲಸ ಮಾಡುತ್ತಿಲ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ದಿನವಿಡೀ ಲೆಕ್ಕದ ಹಾಳೆಯ ಮುಂದೆ ಕೂರುವವರಿಗೆ ಕೀಬೋರ್ಡಿನ ಮೇಲಿನ ಸಾಲು ಎಷ್ಟು ಮುಖ್ಯ ಅಂತ ಅದು ಕೈಕೊಟ್ಟಾಗಲೇ ಗೊತ್ತಾಗುವುದು. ಎಫ್2 ಒತ್ತಿದರೆ ಸೆಲ್ ತೆರೆಯುವ ಬದಲು ಸೌಂಡ್ ಕಡಿಮೆ ಆಗುತ್ತದೆ. ಎಫ್4 ಒತ್ತಿದರೆ ಡಾಲರ್ ಚಿಹ್ನೆ ಬರುವುದಿಲ್ಲ. ಎಫ್9 ಒತ್ತಿದರೂ ಮೊತ್ತ ಹಳೆಯದೇ. ಆಗ ಹೆಚ್ಚಿನವರು ಎಕ್ಸೆಲ್ ಕಿತ್ತುಹಾಕಿ ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ, ಇಲ್ಲವೇ ಹೊಸ ಕೀಬೋರ್ಡ್ ತರುತ್ತಾರೆ. ದಯವಿಟ್ಟು ಸ್ವಲ್ಪ ತಡೆಯಿರಿ. ನಾನು ನೋಡಿದ ಹೆಚ್ಚಿನ ಕಡೆ ಎರಡೂ ಬೇಕಾಗಿರಲಿಲ್ಲ. ಒತ್ತಿದ ಕೀ ಎಕ್ಸೆಲ್ ತಲುಪುವ ಮೊದಲೇ ದಾರಿಯಲ್ಲಿ ಬೇರೆ ಯಾವುದೋ ಅದನ್ನು ಹಿಡಿದುಕೊಂಡಿರುತ್ತದೆ. ಅದು ಯಾವುದು ಅಂತ ಗೊತ್ತಾದರೆ ಸರಿಮಾಡುವುದು ಎರಡು ನಿಮಿಷದ ಕೆಲಸ.

ಇಲ್ಲಿರುವುದು ಮುಖ್ಯವಾಗಿ ವಿಂಡೋಸ್ ಮೇಲಿನ ಎಕ್ಸೆಲ್ ಬಗ್ಗೆ. ಗೂಗಲ್ ಶೀಟ್ಸ್, ಲಿಬ್ರೆಆಫೀಸ್, ಮ್ಯಾಕ್ ಬಗ್ಗೆ ಕೊನೆಯ ಕಡೆ ಇದೆ.

ತೊಂದರೆ ಕೀಬೋರ್ಡಿನದ್ದೋ ಎಕ್ಸೆಲ್‌ನದ್ದೋ ಅಂತ ಮೊದಲು ತಿಳಿಯುವುದು ಹೇಗೆ?

ನೋಟ್‌ಪ್ಯಾಡ್ ತೆರೆದು ಎಫ್5 ಒತ್ತಿ. ಈಗಿನ ಸಮಯ ಮತ್ತು ದಿನಾಂಕ ತಾನಾಗಿ ಮೂಡಿದರೆ ಫಂಕ್ಷನ್ ಕೀಗಳು ವಿಂಡೋಸ್‌ವರೆಗೆ ಸರಿಯಾಗಿ ಬರುತ್ತಿವೆ ಅಂತ ಅರ್ಥ. ಹಾಗಾದರೆ ಎಕ್ಸೆಲ್ ಒಳಗೆ ಹುಡುಕಬೇಕು. ಎಫ್2 ಒಂದನ್ನೇ ನೋಡಬೇಕೆಂದರೆ ಯಾವುದಾದರೂ ಫೋಲ್ಡರ್‌ನಲ್ಲಿ ಒಂದು ಫೈಲ್ ಆಯ್ದು ಎಫ್2 ಒತ್ತಿ. ಹೆಸರು ಬದಲಿಸುವ ಪೆಟ್ಟಿಗೆ ತೆರೆಯಬೇಕು.

ಇದರ ಬದಲು ಪರದೆಯ ಬೆಳಕು ಅಥವಾ ಸೌಂಡ್ ಬದಲಾದರೆ ಅದು ಎಫ್‌ಎನ್ ಕೀ ವಿಷಯ. ಮುಂದಿನ ಉತ್ತರ ಓದಿ. ಏನೂ ಆಗದಿದ್ದರೆ ವಿಂಡೋಸ್, ಕಂಟ್ರೋಲ್, ಓ ಈ ಮೂರನ್ನೂ ಒಟ್ಟಿಗೆ ಒತ್ತಿ. ಪರದೆಯ ಮೇಲೆ ಒಂದು ಕೀಬೋರ್ಡ್ ಬರುತ್ತದೆ. ಅದರಲ್ಲಿ ಎಫ್‌ಎನ್ ಒತ್ತಿದರೆ ಎಫ್1ರಿಂದ ಎಫ್12 ಕಾಣುತ್ತವೆ. ಎಕ್ಸೆಲ್ ತೆರೆದಿಟ್ಟು ಅಲ್ಲಿನ ಎಫ್2 ಮೇಲೆ ಕ್ಲಿಕ್ ಮಾಡಿ. ಸೆಲ್ ತೆರೆದರೆ ಎಕ್ಸೆಲ್ ಚೆನ್ನಾಗಿಯೇ ಇದೆ. ತೊಂದರೆ ಇರುವುದು ನಿಮ್ಮ ಕೈ ಕೆಳಗಿನ ಕೀಬೋರ್ಡಿನಲ್ಲಿ, ಇಲ್ಲವೇ ಅದರ ಸೆಟ್ಟಿಂಗಿನಲ್ಲಿ.

ಅಕೌಂಟ್ಸ್ ಕೆಲಸದವರಿಗೆ ಇನ್ನೂ ಸುಲಭದ ದಾರಿ ಇದೆ. ನಮ್ಮ ಬೆಂಗಳೂರಿನ ಟ್ಯಾಲಿ ಪೂರ್ತಿ ಫಂಕ್ಷನ್ ಕೀಗಳ ಮೇಲೆಯೇ ನಡೆಯುತ್ತದೆ. ಪೇಮೆಂಟ್‌ಗೆ ಎಫ್5, ರಸೀದಿಗೆ ಎಫ್6, ಮಾರಾಟಕ್ಕೆ ಎಫ್8, ಖರೀದಿಗೆ ಎಫ್9. ಅಲ್ಲೂ ಇವು ಕೆಲಸ ಮಾಡದಿದ್ದರೆ ಎಕ್ಸೆಲ್ ಮೇಲೆ ಅನುಮಾನ ಬೇಡ.

ನಿನ್ನೆವರೆಗೆ ಸರಿ ಇತ್ತು. ಇವತ್ತು ಎಫ್2 ಒತ್ತಿದರೆ ಸೌಂಡ್ ಕಡಿಮೆ ಆಗುತ್ತಿದೆ. ಏನಾಯಿತು?

ಲ್ಯಾಪ್‌ಟಾಪ್‌ಗಳಲ್ಲಿ ಮೇಲಿನ ಸಾಲಿನ ಪ್ರತಿ ಕೀಗೂ ಎರಡು ಕೆಲಸ. ಒಂದು ಎಫ್2, ಎಫ್4 ಆಗಿ ನಡೆಯುವುದು. ಇನ್ನೊಂದು ಸೌಂಡ್, ಬೆಳಕು, ಮೈಕ್, ಪ್ರೊಜೆಕ್ಟರ್ ನೋಡಿಕೊಳ್ಳುವುದು. ಯಾವ ಕೆಲಸಕ್ಕೆ ಮೊದಲ ಜಾಗ ಅಂತ ನಿರ್ಧರಿಸುವುದು ಎಫ್‌ಎನ್ ಲಾಕ್. ಗೊತ್ತಿಲ್ಲದೆ ಬೆರಳು ತಾಗಿ ಅದು ಬದಲಾಗಿರುತ್ತದೆ, ಅಷ್ಟೇ.

ಖಚಿತ ಮಾಡಿಕೊಳ್ಳಲು ಎಫ್‌ಎನ್ ಒತ್ತಿ ಹಿಡಿದು ಎಫ್2 ಒತ್ತಿ. ಸೆಲ್ ತೆರೆದರೆ ಕಾರಣ ಇದೇ. ಈಗ ಎಫ್‌ಎನ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ ಬಿಡಿ. ಲೆನೊವೊ ಥಿಂಕ್‌ಪ್ಯಾಡ್‌ನಲ್ಲಿ, ಡೆಲ್ ಮತ್ತು ಏಸಸ್‌ನ ಬಹಳಷ್ಟು ಮಾಡೆಲ್‌ಗಳಲ್ಲಿ ಇದು ನಡೆಯುತ್ತದೆ. ಎಸ್ಕೇಪ್ ಕೀ ಮೇಲೆ ಪುಟ್ಟ ಬೀಗದ ಚಿತ್ರ ಇದ್ದರೆ ಅದೇ ಸುಳಿವು. ಮೈಕ್ರೋಸಾಫ್ಟ್ ಸರ್ಫೇಸ್‌ನಲ್ಲಿ ಎಫ್‌ಎನ್ ಕೀಯನ್ನು ಒಂದು ಸಲ ಸುಮ್ನೆ ಒತ್ತಿದರೆ ಸಾಕು.

ನನ್ನ ಲ್ಯಾಪ್‌ಟಾಪ್‌ನಲ್ಲಿ ಎಫ್‌ಎನ್ ಲಾಕ್ ಇಲ್ಲವೇ ಇಲ್ಲ. ಪ್ರತಿ ಸಲ ಎರಡು ಕೀ ಒತ್ತಬೇಕೇ?

ಬೇಡ. ಕೆಲವು ಮಾಡೆಲ್‌ಗಳಲ್ಲಿ ಈ ಸೆಟ್ಟಿಂಗ್ ಬಯೋಸ್ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆ) ಒಳಗೆ ಇರುತ್ತದೆ. ಎಚ್‌ಪಿ ಆದರೆ ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಎಫ್10 ಒತ್ತುತ್ತಾ ಹೋಗಿ. ಸಿಸ್ಟಮ್ ಕಾನ್ಫಿಗರೇಶನ್‌ನಲ್ಲಿ ‘ಆ್ಯಕ್ಷನ್ ಕೀಸ್ ಮೋಡ್’ ಹುಡುಕಿ ಡಿಸೇಬಲ್ಡ್ ಮಾಡಿ. ಲೆನೊವೊ ಐಡಿಯಾಪ್ಯಾಡ್‌ನಲ್ಲಿ ಇದರ ಹೆಸರು ‘ಹಾಟ್‌ಕೀ ಮೋಡ್’. ಡೆಲ್ ಮತ್ತು ಏಸರ್‌ನಲ್ಲಿ ಎಫ್2 ಒತ್ತಿ ಒಳಗೆ ಹೋದರೆ ‘ಫಂಕ್ಷನ್ ಕೀ ಬಿಹೇವಿಯರ್’ ಅಥವಾ ಅದಕ್ಕೆ ಹತ್ತಿರದ ಹೆಸರಿನಲ್ಲಿ ಸಿಗುತ್ತದೆ. ಬದಲಿಸಿ, ಸೇವ್ ಮಾಡಿ ಹೊರಬನ್ನಿ.

ಒಂದು ಎಚ್ಚರಿಕೆ. ಆಫೀಸಿನ ಲ್ಯಾಪ್‌ಟಾಪ್ ಆದರೆ ನೀವಾಗಿ ಬಯೋಸ್ ಮುಟ್ಟಬೇಡಿ. ಡಿಸ್ಕ್‌ಗೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಹಾಕಿದ್ದರೆ ಮುಂದಿನ ಸಲ ಆನ್ ಮಾಡುವಾಗ ರಿಕವರಿ ಕೀ ಕೇಳಬಹುದು. ಐಟಿಯವರಿಗೇ ಹೇಳಿ ಮಾಡಿಸಿ.

ಯುಎಸ್‌ಬಿ ಕೀಬೋರ್ಡ್ ಹಾಕಿದ್ದೇನೆ. ಅದರಲ್ಲೂ ಹೀಗೇ ಆಗುತ್ತಿದೆ.

ಅದಕ್ಕೂ ತನ್ನದೇ ಎಫ್‌ಎನ್ ಅಥವಾ ‘ಎಫ್ ಲಾಕ್’ ಕೀ ಇರಬಹುದು. ಮೈಕ್ರೋಸಾಫ್ಟ್‌ನ ಹಳೆಯ ಕೀಬೋರ್ಡ್‌ಗಳಲ್ಲಿ ಎಫ್ ಲಾಕ್ ಎದ್ದು ಕಾಣುತ್ತದೆ. ಬ್ಲೂಟೂತ್ ಕೀಬೋರ್ಡ್‌ಗಳಲ್ಲಿ ಕಂಪನಿಯ ಆ್ಯಪ್‌ ಒಳಗೆ ಈ ಆಯ್ಕೆ ಇರುತ್ತದೆ.

ಇಷ್ಟು ತೊಂದರೆ ಕೊಡುವ ಈ ಕೀಗಳನ್ನೇ ಯಾಕೆ ಬಳಸಬೇಕು? ಮೌಸ್ ಸಾಲದೇ?

ಸಾಲುತ್ತದೆ, ಆದರೆ ನಿಧಾನ. ಸಾವಿರ ಸಾಲಿನ ಹಾಳೆಯಲ್ಲಿ ಕೈ ಪ್ರತಿ ಸಲ ಮೌಸ್‌ಗೆ ಹೋಗಿ ಬರುವುದನ್ನು ಲೆಕ್ಕ ಹಾಕಿ ನೋಡಿ. ಈ ಅಭ್ಯಾಸ ಇವತ್ತಿನದ್ದಲ್ಲ. 1981ರ ಐಬಿಎಂ ಪಿಸಿಯಲ್ಲಿ ಹತ್ತು ಫಂಕ್ಷನ್ ಕೀಗಳು ಎಡಬದಿಯಲ್ಲಿ ಎರಡು ಸಾಲಾಗಿ ನಿಂತಿದ್ದವು. 1983ರಲ್ಲಿ ಬಂದ ಲೆಕ್ಕದ ಹಾಳೆಯ ಪ್ರೋಗ್ರಾಂ ಲೋಟಸ್ 1-2-3ರಲ್ಲಿ ತಿದ್ದಲು ಎಫ್2, ವಿಳಾಸ ಗಟ್ಟಿಮಾಡಲು ಎಫ್4, ಬೇರೆ ಸೆಲ್‌ಗೆ ಹೋಗಲು ಎಫ್5, ಲೆಕ್ಕ ಹಾಕಲು ಎಫ್9. ಇವತ್ತಿನ ಎಕ್ಸೆಲ್‌ನಲ್ಲೂ ಅವೇ ಇವೆ. ನಲವತ್ತು ವರ್ಷ ದಾಟಿದರೂ ಬೆರಳಿಗೆ ಕಲಿಸಿದ್ದು ಬದಲಾಗಿಲ್ಲ. ನನಗೆ ಇದು ನಿಜಕ್ಕೂ ಖುಷಿ ಕೊಡುವ ಸಂಗತಿ. ಹಾಗಾಗಿ ಈ ಕೀಗಳನ್ನು ಬಿಟ್ಟುಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಎಫ್2 ಒತ್ತಿದರೆ ಕರ್ಸರ್ ಸೆಲ್ ಒಳಗೆ ಬರುವುದಿಲ್ಲ, ಮೇಲಿನ ಫಾರ್ಮುಲಾ ಬಾರ್‌ಗೆ ಹೋಗುತ್ತದೆ.

ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್‌ಗೆ ಹೋಗಿ. ಸೆಲ್ ಒಳಗೇ ನೇರ ತಿದ್ದಲು ಬಿಡುವ ಆಯ್ಕೆ ಮೇಲಿನ ಭಾಗದಲ್ಲೇ ಇದೆ. ಅದರ ಟಿಕ್ ಹೋಗಿರುತ್ತದೆ. ಮತ್ತೆ ಹಾಕಿ.

ಕಂಡೀಶನಲ್ ಫಾರ್ಮ್ಯಾಟಿಂಗ್ ಪೆಟ್ಟಿಗೆಯಲ್ಲಿ ಫಾರ್ಮುಲಾ ಬರೆಯುವಾಗ ಬಾಣದ ಕೀ ಒತ್ತಿದರೆ ಬೇಡದ ಸೆಲ್ ವಿಳಾಸ ನುಗ್ಗುತ್ತದೆ, ಅಲ್ವಾ? ಅದಕ್ಕೂ ಮದ್ದು ಎಫ್2. ಒಂದು ಸಲ ಒತ್ತಿದರೆ ಬಾಣದ ಕೀಗಳು ಬರೆದ ಅಕ್ಷರಗಳ ಮಧ್ಯೆಯೇ ಓಡಾಡುತ್ತವೆ. ಇದನ್ನು ತಿಳಿಯದೆ ವರ್ಷಗಟ್ಟಲೆ ಒದ್ದಾಡಿದವರನ್ನು ನೋಡಿದ್ದೇನೆ.

ಎಫ್4 ಒಮ್ಮೆ ಡಾಲರ್ ಹಾಕುತ್ತದೆ, ಒಮ್ಮೆ ಹಾಕುವುದಿಲ್ಲ. ಯಾಕೆ?

ಎಕ್ಸೆಲ್ ಒಳಗೇ ಎಫ್4ಗೆ ಎರಡು ಕೆಲಸ. ಫಾರ್ಮುಲಾ ತಿದ್ದುವಾಗ ಅದು ಸೆಲ್ ವಿಳಾಸಕ್ಕೆ ಡಾಲರ್ ಚಿಹ್ನೆ ಹಾಕುತ್ತದೆ, ಫಾರ್ಮುಲಾ ಬೇರೆ ಕಡೆ ನಕಲು ಮಾಡಿದರೂ ಆ ವಿಳಾಸ ಬದಲಾಗದಿರಲಿ ಅಂತ. ಬಿ2 ಇದ್ದರೆ ಮೊದಲು $ಬಿ$2, ಆಮೇಲೆ ಬಿ$2, ಆಮೇಲೆ $ಬಿ2, ಮತ್ತೆ ಬಿ2. ಸೆಲ್ ತೆರೆಯದೆ ಸುಮ್ಮನೆ ಆಯ್ದು ಒತ್ತಿದರೆ ಹಿಂದೆ ಮಾಡಿದ ಕೆಲಸವನ್ನು ಮತ್ತೊಮ್ಮೆ ಮಾಡುತ್ತದೆ. ಬಣ್ಣ ಹಾಕಿದ್ದರೆ ಬಣ್ಣ, ಸಾಲು ಸೇರಿಸಿದ್ದರೆ ಸಾಲು.

ಹಾಗಾಗಿ ಡಾಲರ್ ಬೇಕಾದರೆ ಮೊದಲು ಎಫ್2 ಒತ್ತಿ ಒಳಗೆ ಹೋಗಬೇಕು. ಕರ್ಸರ್ ಆ ವಿಳಾಸಕ್ಕೆ ತಾಗಿಕೊಂಡೇ ಇರಬೇಕು. ಪ್ಲಸ್ ಚಿಹ್ನೆಯ ಆಚೆ ಇದ್ದರೆ ಬೇರೆ ವಿಳಾಸ ಬದಲಾಗುತ್ತದೆ, ಇಲ್ಲವೇ ಏನೂ ಆಗುವುದಿಲ್ಲ. ಎಕ್ಸೆಲ್ ಟೇಬಲ್‌ನಲ್ಲಿ ಬಿ2 ಬದಲು ಕಾಲಂ ಹೆಸರು ಬರುತ್ತದಲ್ಲ, ಅದಕ್ಕೆ ಎಫ್4 ಡಾಲರ್ ಹಾಕುವುದೇ ಇಲ್ಲ. ಅಲ್ಲಿ ಕೀ ಕೆಟ್ಟಿದೆ ಅಂದುಕೊಳ್ಳಬೇಡಿ. ಹಾಗೆಯೇ ಎಲ್ಲ ಕೆಲಸವನ್ನೂ ಎಫ್4 ಮತ್ತೆ ಮಾಡುವುದಿಲ್ಲ. ಸೆಲ್‌ಗೆ ಫಾರ್ಮುಲಾ ಬರೆದದ್ದನ್ನು ಅದು ನಕಲು ಮಾಡುವುದಿಲ್ಲ.

ಇನ್ನೊಂದು ಮಾತು. ಬೆರಳು ಆಲ್ಟ್ ಮೇಲೆ ಇದ್ದು ಎಫ್4 ಒತ್ತಿದರೆ ಎಕ್ಸೆಲ್ ಮುಚ್ಚಿಹೋಗುತ್ತದೆ. ಸೇವ್ ಮಾಡಲು ಕೇಳಿದಾಗ ಗಾಬರಿಯಲ್ಲಿ ‘ಬೇಡ’ ಒತ್ತಬೇಡಿ.

ಎಫ್9 ಒತ್ತಿದರೂ ಮೊತ್ತ ಬದಲಾಗುತ್ತಿಲ್ಲ. ಅಥವಾ ಎಫ್9 ಒತ್ತಿದರೆ ಮಾತ್ರ ಬದಲಾಗುತ್ತಿದೆ.

ಇವು ಎರಡು ಬೇರೆ ಬೇರೆ ತೊಂದರೆ. ಎರಡನೆಯದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಅದರಿಂದ ಆಗುವ ಹಾನಿ ಜಾಸ್ತಿ.

ಎಫ್9 ಒತ್ತಿದರೆ ಮಾತ್ರ ಲೆಕ್ಕ ಬದಲಾಗುತ್ತದೆ ಎಂದರೆ ಎಕ್ಸೆಲ್ ‘ಮ್ಯಾನ್ಯುಯಲ್’ನಲ್ಲಿದೆ. ಫಾರ್ಮುಲಾಸ್ ಟ್ಯಾಬ್‌ನಲ್ಲಿ ಕ್ಯಾಲ್ಕ್ಯುಲೇಶನ್ ಆಪ್ಷನ್ಸ್ ತೆರೆದು ‘ಆಟೋಮ್ಯಾಟಿಕ್’ ಆರಿಸಿ. ನಾನು ಬದಲಿಸಿಯೇ ಇಲ್ಲವಲ್ಲ ಅಂತ ನೀವು ಕೇಳಬಹುದು. ನಿಜ, ನೀವು ಬದಲಿಸಿರಲಿಕ್ಕಿಲ್ಲ. ಈ ಸೆಟ್ಟಿಂಗ್ ಒಂದೊಂದು ಫೈಲಿಗೆ ಬೇರೆ ಬೇರೆಯಾಗಿ ನಡೆಯುವುದಿಲ್ಲ. ಎಕ್ಸೆಲ್ ತೆರೆದಾಗ ಮೊದಲು ಬಂದ ಫೈಲ್ ಯಾವ ಸೆಟ್ಟಿಂಗ್ ಹೊತ್ತು ತರುತ್ತದೋ ಆಮೇಲೆ ತೆರೆದ ಎಲ್ಲ ಫೈಲಿಗೂ ಅದೇ. ಅವುಗಳನ್ನು ಸೇವ್ ಮಾಡಿದರೆ ಅವೂ ಮ್ಯಾನ್ಯುಯಲ್ ಆಗುತ್ತವೆ. ಯಾರೋ ಮೇಲ್‌ನಲ್ಲಿ ಕಳಿಸಿದ ಒಂದು ದೊಡ್ಡ ಫೈಲ್ ಹೀಗೆ ಇಡೀ ಆಫೀಸಿಗೆ ನೆಗಡಿಯಂತೆ ಹಬ್ಬುತ್ತದೆ.

ಒಂದು ಮಾರ್ಚ್ ಕೊನೆಯಲ್ಲಿ ನನಗೇ ಇದು ಆಯಿತು. ಪರಿಚಯದವರ ಅಂಗಡಿಯ ವರ್ಷದ ಲೆಕ್ಕ ನೋಡುತ್ತಿದ್ದೆ. ನಾಲ್ಕು ಖರ್ಚು ತಿದ್ದಿದೆ. ಕೆಳಗಿನ ಮೊತ್ತ ಹಾಗೇ ನಿಂತಿತ್ತು. ನಾನು ನೋಡಲೇ ಇಲ್ಲ. ಮುದ್ರಿಸಿ ಕೊಟ್ಟ ಮೇಲೆ ಅವರೇ ಕೈಯಲ್ಲಿ ಕೂಡಿ ನೋಡಿ ತಪ್ಪು ತೋರಿಸಿದರು. ಅಂದಿನಿಂದ ಮುದ್ರಿಸುವ ಮೊದಲು ಎಡಗಡೆ ಕೆಳಗಿನ ಸ್ಟೇಟಸ್ ಬಾರ್ ನೋಡುವುದನ್ನು ಬಿಟ್ಟಿಲ್ಲ. ಅಲ್ಲಿ ‘ಕ್ಯಾಲ್ಕ್ಯುಲೇಟ್’ ಅಂತ ಕಂಡರೆ ಲೆಕ್ಕ ಬಾಕಿ ಇದೆ ಎಂದು ಅರ್ಥ.

ಈಗ ಮೊದಲನೆಯದು. ಎಫ್9 ಒತ್ತಿದರೂ ಬದಲಾಗದಿದ್ದರೆ ಕಂಟ್ರೋಲ್, ಆಲ್ಟ್, ಎಫ್9 ಒಟ್ಟಿಗೆ ಒತ್ತಿ. ತೆರೆದಿರುವ ಎಲ್ಲ ಫೈಲುಗಳ ಎಲ್ಲ ಫಾರ್ಮುಲಾಗಳನ್ನೂ ಇದು ಹೊಸದಾಗಿ ಲೆಕ್ಕ ಹಾಕಿಸುತ್ತದೆ. ಸೆಲ್‌ನಲ್ಲಿ ಉತ್ತರದ ಬದಲು ಫಾರ್ಮುಲಾವೇ ಕಾಣುತ್ತಿದ್ದರೆ ಆ ಸೆಲ್ ‘ಟೆಕ್ಸ್ಟ್’ ಆಗಿದೆ. ‘ಜನರಲ್’ ಮಾಡಿ, ಎಫ್2 ಒತ್ತಿ, ಎಂಟರ್ ಒತ್ತಿ. ಬರೀ ಜನರಲ್ ಮಾಡಿದರೆ ಸಾಲದು. ಹಾಳೆ ತುಂಬ ಫಾರ್ಮುಲಾಗಳೇ ಕಾಣುತ್ತಿದ್ದರೆ ಫಾರ್ಮುಲಾಸ್ ಟ್ಯಾಬ್‌ನಲ್ಲಿ ‘ಶೋ ಫಾರ್ಮುಲಾಸ್’ ಆನ್ ಆಗಿದೆ. ಅದನ್ನು ಆಫ್ ಮಾಡಿ.

ಎಫ್9 ಒತ್ತಿದೆ, ಫಾರ್ಮುಲಾವೇ ಹೋಗಿ ಅಂಕಿ ಉಳಿಯಿತು!

ಸೆಲ್ ಒಳಗೆ ಇದ್ದಾಗ ಒತ್ತಿದ್ದೀರಿ. ಅಲ್ಲಿ ಎಫ್9 ಫಾರ್ಮುಲಾವನ್ನು ಅದರ ಉತ್ತರವಾಗಿ ಬದಲಿಸುತ್ತದೆ. ಎಂಟರ್ ಒತ್ತಿರದಿದ್ದರೆ ಎಸ್ಕೇಪ್ ಒತ್ತಿ, ಎಲ್ಲ ಮೊದಲಿನಂತೆ ಆಗುತ್ತದೆ. ಒತ್ತಿದ್ದರೆ ಕಂಟ್ರೋಲ್ ಝಡ್. ಉದ್ದ ಫಾರ್ಮುಲಾದ ಒಂದು ತುಂಡನ್ನು ಮಾತ್ರ ಆಯ್ದು ಎಫ್9 ಒತ್ತಿದರೆ ಆ ತುಂಡಿನ ಉತ್ತರ ಕಾಣುತ್ತದೆ. ತಪ್ಪು ಹುಡುಕಲು ಬಹಳ ಒಳ್ಳೆಯ ದಾರಿ. ನೋಡಿದ ಮೇಲೆ ಎಸ್ಕೇಪ್ ಮರೆಯಬೇಡಿ.

ಬಾಣದ ಕೀ ಒತ್ತಿದರೆ ಸೆಲ್ ಬದಲಾಗುವುದಿಲ್ಲ, ಇಡೀ ಹಾಳೆ ಜಾರುತ್ತದೆ. ಇದೂ ಫಂಕ್ಷನ್ ಕೀ ತೊಂದರೆಯೇ?

ಇದು ಸ್ಕ್ರೋಲ್ ಲಾಕ್. ಮೇಲಿನ ಸಾಲಿನಲ್ಲೇ, ಎಫ್12ರ ಆಚೆ ಇರುವ ಕೀ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಈ ತೊಂದರೆ ಉಳಿದವರಿಗಿಂತ ಜಾಸ್ತಿ. ಅದಕ್ಕೆ ಕಾರಣವೂ ಇದೆ.

ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಬದಲಾಗಲು ಸ್ಕ್ರೋಲ್ ಲಾಕ್ ಒತ್ತುವುದು ರೂಢಿ. ಪತ್ರ ಬರೆಯುವಾಗ ಇದರಿಂದ ಏನೂ ಆಗುವುದಿಲ್ಲ. ಆದರೆ ಎಕ್ಸೆಲ್ ಸ್ಕ್ರೋಲ್ ಲಾಕ್‌ಗೆ ತನ್ನದೇ ಅರ್ಥ ಇಟ್ಟುಕೊಂಡಿದೆ. ಅದು ಆನ್ ಆದರೆ ಬಾಣದ ಕೀಗಳು ಸೆಲ್ ಬಿಟ್ಟು ಹಾಳೆಯನ್ನು ಸರಿಸುತ್ತವೆ. ಹೆಸರುಗಳನ್ನು ಕನ್ನಡದಲ್ಲಿ ತುಂಬಿಸುತ್ತಾ ಕೂತವರಿಗೆ ಕನ್ನಡ ಬಂದ ಕೂಡಲೇ ಬಾಣ ಕೆಡುತ್ತದೆ, ಬಾಣ ಸರಿಯಾದರೆ ಕನ್ನಡ ಹೋಗುತ್ತದೆ. ಎಷ್ಟೋ ಜನ ಇದನ್ನು ವೈರಸ್ ಅಂದುಕೊಳ್ಳುತ್ತಾರೆ.

ದಾರಿ ಸುಲಭ. ಸ್ಕ್ರೋಲ್ ಲಾಕ್ ಆನ್ ಇದ್ದರೂ ಎಂಟರ್ ಮತ್ತು ಟ್ಯಾಬ್ ಸರಿಯಾಗಿಯೇ ನಡೆಯುತ್ತವೆ. ಕೆಳಗೆ ಹೋಗಲು ಎಂಟರ್, ಮೇಲೆ ಬರಲು ಶಿಫ್ಟ್ ಎಂಟರ್, ಬಲಕ್ಕೆ ಟ್ಯಾಬ್, ಎಡಕ್ಕೆ ಶಿಫ್ಟ್ ಟ್ಯಾಬ್. ಹೆಸರು ತುಂಬಿಸುವ ಕೆಲಸಕ್ಕೆ ಇದು ಬಾಣಕ್ಕಿಂತ ವೇಗ ಕೂಡ.

ಇನ್ನೂ ಒಳ್ಳೆಯದು ವಿಂಡೋಸ್‌ನಲ್ಲೇ ಇರುವ ಕನ್ನಡ ಕೀಬೋರ್ಡ್. ಭಾಷೆ ಬದಲಿಸಲು ವಿಂಡೋಸ್ ಮತ್ತು ಸ್ಪೇಸ್ ಒತ್ತಿದರೆ ಆಯಿತು, ಸ್ಕ್ರೋಲ್ ಲಾಕ್ ಬೇಕಿಲ್ಲ. 2019ರ ವಿಂಡೋಸ್ 10 ಅಪ್‌ಡೇಟ್‌ನಿಂದ ಇಂಗ್ಲಿಷ್ ಉಚ್ಚಾರದಂತೆ ಟೈಪ್ ಮಾಡುವ ಕನ್ನಡ ಫೊನೆಟಿಕ್ ಕೂಡ ಇದೆ. ಬರೆದದ್ದು ಯೂನಿಕೋಡ್ ಆಗಿರುವುದರಿಂದ ವಿಂಗಡಿಸುವುದು, ಹುಡುಕುವುದು ಎಲ್ಲವೂ ಸುಲಭ.

ಲ್ಯಾಪ್‌ಟಾಪ್‌ನಲ್ಲಿ ಸ್ಕ್ರೋಲ್ ಲಾಕ್ ಕೀ ಕಾಣದಿದ್ದರೆ ಮೇಲೆ ಹೇಳಿದ ಪರದೆಯ ಕೀಬೋರ್ಡ್ ತೆರೆಯಿರಿ. ಅದರ ಬಲಗಡೆ ಇದೆ.

ಒಂದು ಸೆಲ್ ಮೇಲೆ ಕ್ಲಿಕ್ ಮಾಡಿದರೆ ಹತ್ತಾರು ಸೆಲ್ ಒಟ್ಟಿಗೆ ಆಯ್ಕೆ ಆಗುತ್ತಿವೆ.

ಎಫ್8 ತಾಗಿದೆ. ಎಸ್ಕೇಪ್ ಅಥವಾ ಮತ್ತೆ ಎಫ್8 ಒತ್ತಿ.

ಎಫ್11 ಒತ್ತಿದರೆ ಚಾರ್ಟ್ ಬರುತ್ತಿಲ್ಲ. ಬೇರೆ ಕೀಗಳೆಲ್ಲ ಸರಿ ಇವೆ.

ಒಂದೇ ಕೀ ಕೆಟ್ಟಂತೆ ಕಂಡರೆ ಹಿನ್ನೆಲೆಯಲ್ಲಿ ಓಡುತ್ತಿರುವ ಬೇರೆ ಪ್ರೋಗ್ರಾಂ ಅದನ್ನು ಕಾದಿರಿಸಿಕೊಂಡಿರಬಹುದು. ‘ಬರಹ’ದಲ್ಲಿ ಭಾಷೆ ಬದಲಿಸಲು ಎಫ್11 ಬಳಸಿದವರಿಗೆ ಇದು ಗೊತ್ತೇ ಇದೆ. ಸ್ಕ್ರೀನ್ ರೆಕಾರ್ಡರ್‌ಗಳು, ಗ್ರಾಫಿಕ್ಸ್ ಕಾರ್ಡ್‌ನ ಓವರ್‌ಲೇ, ಡಿಕ್ಷನರಿ ಪ್ರೋಗ್ರಾಂಗಳು ಕೂಡ ಹೀಗೆ ಮಾಡುತ್ತವೆ. ಗಡಿಯಾರದ ಪಕ್ಕದ ಪುಟ್ಟ ಐಕಾನ್‌ಗಳನ್ನು ನೋಡಿ. ಒಂದೊಂದಾಗಿ ಮುಚ್ಚಿ, ಪ್ರತಿ ಸಲ ಎಫ್11 ಒತ್ತಿ ನೋಡಿ. ಯಾವುದು ಅಂತ ಗೊತ್ತಾದ ಮೇಲೆ ಅದರ ಸೆಟ್ಟಿಂಗ್ ಒಳಗೆ ಕೀ ಬದಲಿಸಲು ಬರುತ್ತದೆಯೇ ನೋಡಿ.

ಒಂದು ಫೈಲಿನಲ್ಲಿ ಮಾತ್ರ ಕೀಗಳು ನಡೆಯುವುದಿಲ್ಲ.

ಆ ಫೈಲಿನಲ್ಲಿ ಮ್ಯಾಕ್ರೋ, ಅಂದರೆ ಫೈಲ್ ಒಳಗೇ ಬರೆದಿಟ್ಟ ಪುಟ್ಟ ಪ್ರೋಗ್ರಾಂ ಇರಬೇಕು. ಮ್ಯಾಕ್ರೋ ಬರೆದವರು ಯಾವ ಕೀಯನ್ನು ಬೇಕಾದರೂ ತಡೆಯಬಹುದು, ಬೇರೆ ಕೆಲಸಕ್ಕೆ ತಿರುಗಿಸಬಹುದು. ಎಫ್2 ಒತ್ತಲು ಹೋಗಿ ಎಫ್1 ತಾಗಿ ಹೆಲ್ಪ್ ತೆರೆದುಕೊಳ್ಳುತ್ತದೆ ಅಂತ ಬೇಕೆಂದೇ ಎಫ್1 ಮುಚ್ಚಿಸುವವರೂ ಇದ್ದಾರೆ. ಆ ಫೈಲ್ ಮುಚ್ಚಿದ ಮೇಲೂ ಎಕ್ಸೆಲ್ ಪೂರ್ತಿ ಮುಚ್ಚುವವರೆಗೆ ಆ ತಡೆ ಉಳಿಯಬಹುದು.

ಎಲ್ಲ ಫೈಲಿನಲ್ಲೂ ಹೀಗೇ ಆದರೆ ಕಂಟ್ರೋಲ್ ಒತ್ತಿ ಹಿಡಿದು ಎಕ್ಸೆಲ್ ತೆರೆಯಿರಿ. ಸೇಫ್ ಮೋಡ್ ಬೇಕೇ ಅಂತ ಕೇಳುತ್ತದೆ, ಹೌದು ಅನ್ನಿ. ಅಲ್ಲಿ ಕೀಗಳು ಸರಿಯಾದರೆ ಎಕ್ಸೆಲ್‌ಗೆ ಸೇರಿಸಿಕೊಂಡ ಯಾವುದೋ ಆ್ಯಡ್-ಇನ್ (ಹೆಚ್ಚುವರಿ ಪ್ರೋಗ್ರಾಂ) ತಪ್ಪು. ಫೈಲ್, ಆಪ್ಷನ್ಸ್, ಆ್ಯಡ್-ಇನ್ಸ್‌ಗೆ ಹೋಗಿ ಒಂದೊಂದಾಗಿ ಟಿಕ್ ತೆಗೆಯಿರಿ.

ಕೀ ತುಂಬಾ ಹೊತ್ತು ಒತ್ತಿ ಹಿಡಿದರೆ ಮಾತ್ರ ನಡೆಯುತ್ತದೆ.

ಫಿಲ್ಟರ್ ಕೀಸ್ ಆನ್ ಆಗಿದೆ. ಬಲಗಡೆಯ ಶಿಫ್ಟ್ ಮೇಲೆ ಕೈ 8 ಸೆಕೆಂಡ್ ಉಳಿದರೆ ಅದನ್ನು ಆನ್ ಮಾಡುವ ಪ್ರಶ್ನೆ ಬರುತ್ತದೆ. ಓದದೆ ಎಂಟರ್ ಒತ್ತಿರುತ್ತೇವೆ. ಸೆಟ್ಟಿಂಗ್ಸ್, ಆ್ಯಕ್ಸೆಸಿಬಿಲಿಟಿ, ಕೀಬೋರ್ಡ್ ಒಳಗೆ ಆಫ್ ಮಾಡಿ.

ವಿಂಡೋಸ್ ಅಪ್‌ಡೇಟ್ ಆದ ಮೇಲೆ ಮೇಲಿನ ಸಾಲು ಪೂರ್ತಿ ಸತ್ತಂತಿದೆ.

ಮೊದಲು ಪೂರ್ತಿ ರೀಸ್ಟಾರ್ಟ್ ಮಾಡಿ. ಬರೀ ಮುಚ್ಚಳ ಮುಚ್ಚಿ ತೆರೆದರೆ ಆಗುವುದಿಲ್ಲ. ಸರಿಯಾಗದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಕೀಬೋರ್ಡ್ಸ್ ಕೆಳಗಿನ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಕೊಟ್ಟು ಮತ್ತೆ ರೀಸ್ಟಾರ್ಟ್ ಮಾಡಿ. ವಿಂಡೋಸ್ ತಾನಾಗಿ ಡ್ರೈವರ್ ಹಾಕಿಕೊಳ್ಳುತ್ತದೆ. ಸೌಂಡ್, ಬೆಳಕಿನ ಕೀಗಳೂ ಸತ್ತಿದ್ದರೆ ಲ್ಯಾಪ್‌ಟಾಪ್ ಕಂಪನಿಯ ಹಾಟ್‌ಕೀ ಡ್ರೈವರ್ ಬೇಕು. ಅದನ್ನು ಕಂಪನಿಯ ಸ್ವಂತ ತಾಣದಿಂದ ಮಾತ್ರ ಇಳಿಸಿಕೊಳ್ಳಿ.

ಗೂಗಲ್ ಶೀಟ್ಸ್‌ನಲ್ಲಿ ಎಫ್5 ಒತ್ತಿದರೆ ಪೇಜ್ ರಿಲೋಡ್ ಆಗುತ್ತದೆ.

ಶೀಟ್ಸ್ ಬ್ರೌಸರ್ ಒಳಗೆ ನಡೆಯುತ್ತದೆ. ಹಾಗಾಗಿ ಎಫ್5 ರಿಲೋಡ್, ಎಫ್11 ಪೂರ್ತಿ ಪರದೆ, ಎಫ್12 ಡೆವಲಪರ್ ಟೂಲ್ಸ್. ಎಫ್2 ಮತ್ತು ಎಫ್4 ಎಕ್ಸೆಲ್‌ನಂತೆಯೇ ನಡೆಯುತ್ತವೆ.

ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ?

ಎಫ್2, ಎಫ್4, ಎಫ್9 ಸುಮಾರು ಹಾಗೇ. ಹಳೆಯ ಆವೃತ್ತಿಯಾದರೆ ಡಾಲರ್‌ಗೆ ಶಿಫ್ಟ್ ಎಫ್4 ಬೇಕು. ಎಫ್5 ನ್ಯಾವಿಗೇಟರ್ ತೆರೆಯುತ್ತದೆ. ಎಫ್11 ಚಾರ್ಟ್ ಕೊಡುವುದಿಲ್ಲ, ಸ್ಟೈಲ್ಸ್ ತೆರೆಯುತ್ತದೆ. ಪೂರ್ತಿ ಮರುಲೆಕ್ಕಕ್ಕೆ ಕಂಟ್ರೋಲ್, ಶಿಫ್ಟ್, ಎಫ್9.

ಮ್ಯಾಕ್‌ನಲ್ಲಿ ಯಾವುದೂ ನಡೆಯುತ್ತಿಲ್ಲ.

ಸಿಸ್ಟಮ್ ಸೆಟ್ಟಿಂಗ್ಸ್, ಕೀಬೋರ್ಡ್, ಕೀಬೋರ್ಡ್ ಶಾರ್ಟ್‌ಕಟ್ಸ್, ಫಂಕ್ಷನ್ ಕೀಸ್‌ಗೆ ಹೋಗಿ ಅಲ್ಲಿನ ಆಯ್ಕೆ ಆನ್ ಮಾಡಿ. ಬೇಡವೆಂದರೆ ಸೆಲ್ ತಿದ್ದಲು ಕಂಟ್ರೋಲ್ ಯು, ಡಾಲರ್‌ಗೆ ಕಮಾಂಡ್ ಟಿ ಅಭ್ಯಾಸ ಮಾಡಿಕೊಳ್ಳಿ.

ಕೀ ನಿಜವಾಗಿಯೂ ಕೆಟ್ಟಿದೆ. ಇವತ್ತೇ ಕೆಲಸ ಮುಗಿಸಬೇಕು. ಏನು ಮಾಡಲಿ?

ಎಫ್2 ಬದಲು ಸೆಲ್ ಮೇಲೆ ಎರಡು ಸಲ ಕ್ಲಿಕ್. ಹಿಂದಿನ ಕೆಲಸ ಮತ್ತೆ ಮಾಡಲು ಎಫ್4 ಬದಲು ಕಂಟ್ರೋಲ್ ವೈ. ಡಾಲರ್ ಚಿಹ್ನೆಯನ್ನು ಕೈಯಲ್ಲೇ ಟೈಪ್ ಮಾಡಬಹುದು. ಎಫ್5 ಬದಲು ಕಂಟ್ರೋಲ್ ಜಿ. ಎಫ್9 ಬದಲು ಫಾರ್ಮುಲಾಸ್ ಟ್ಯಾಬ್‌ನ ‘ಕ್ಯಾಲ್ಕ್ಯುಲೇಟ್ ನೌ’. ಎಫ್12 ಬದಲು ಫೈಲ್ ಮೆನುವಿನ ‘ಸೇವ್ ಆ್ಯಸ್’.

ಕೀಬೋರ್ಡ್ ಬದಲಿಸುವವರೆಗೆ ಇನ್ನೊಂದು ದಾರಿ ಮೈಕ್ರೋಸಾಫ್ಟ್‌ನ ಉಚಿತ ಪವರ್‌ಟಾಯ್ಸ್. ಅದರ ಕೀಬೋರ್ಡ್ ಮ್ಯಾನೇಜರ್‌ನಲ್ಲಿ ನೀವು ಯಾವತ್ತೂ ಮುಟ್ಟದ ಒಂದು ಕೀಯನ್ನು ಎಫ್2 ಮಾಡಿಕೊಳ್ಳಬಹುದು. ನಾನಾದರೆ ಎಫ್1 ಅನ್ನೇ ಎಫ್2 ಮಾಡುತ್ತೇನೆ. ಪಕ್ಕದಲ್ಲೇ ಇರುವುದರಿಂದ ಬೆರಳು ಬೇಗ ಒಗ್ಗಿಕೊಳ್ಳುತ್ತದೆ.